ಅಂಡರ್ ಆರ್ಮರ್ ಗಾಲ್ಫ್ ಕ್ಲಬ್ಬು, ಬಾಲು ಮಾಡೋಕೆ ಇಳಿಬೇಕಾ ಬೇಡ್ವಾ? ಕೇಸ್ ಸ್ಟಡಿಗೆ ಹೆಲ್ಪ್ ಮಾಡಿ

ಕುವೆಂಪುನಗರ ಕಿರಣ:

ಎಲ್ರಿಗೂ ನಮಸ್ಕಾರ. ಎಂಬಿಎ ಎರಡನೇ ವರ್ಷ ಓದ್ತಿದೀನಿ, ಸ್ಟ್ರಾಟಜಿ ಪೇಪರ್‌ಗೆ ನಮ್ ಮೇಡಂ ಒಂದು ಕೇಸ್ ಕೊಟ್ಟಿದಾರೆ. ಅಂಡರ್ ಆರ್ಮರ್ ಇದೆಯಲ್ಲ, ಅಮೆರಿಕಾದ ಬಾಲ್ಟಿಮೋರ್ ಕಂಪನಿ, ಬೆವರು ಬಂದ್ರೂ ಮೈಗೆ ಅಂಟದ ಟೀಶರ್ಟ್ ಮಾಡಿ ದೊಡ್ಡವರಾದೋರು, ಅವರು ಬಟ್ಟೆ ಶೂ ಜೊತೆಗೆ ಗಾಲ್ಫ್ ಕ್ಲಬ್ಬು (ಬಾಲ್ ಹೊಡೆಯೋ ಕೋಲು), ಬಾಲೂ ಮಾಡ್ಬೇಕಾ ಬೇಡ್ವಾ ಅಂತ. ಮುಂದಿನ ಗುರುವಾರ ಪ್ರೆಸೆಂಟೇಶನ್. ನಿಜ ಹೇಳ್ತೀನಿ, ನಾನು ಗಾಲ್ಫ್ ನೋಡಿರೋದು ಮೈಸೂರು ರೇಸ್ ಕೋರ್ಸ್ ಬೇಲಿ ಆಚೆಯಿಂದ, ಬೆಟ್ಟಕ್ಕೆ ಹೋಗೋವಾಗ ಬೈಕ್ ನಿಲ್ಸಿ ಎಳನೀರು ಕುಡಿತಾ. ಅಷ್ಟೇ ನನ್ ಜ್ಞಾನ.

ಗ್ರೂಪಲ್ಲಿ ಐದು ಜನ, ನಾಲ್ಕು ಜನ ಮಾಡ್ಲೇಬೇಕು ಅಂತಿದಾರೆ. ಅವರ ಲಾಜಿಕ್ ಏನಂದ್ರೆ, ಜೋರ್ಡನ್ ಸ್ಪೀತ್ ಅನ್ನೋ ಅಮೆರಿಕಾದ ಗಾಲ್ಫ್ ಆಟಗಾರ 2013ರಿಂದ ಇವರ ಬಟ್ಟೆ ಹಾಕ್ತಾನೆ, 2015ರಲ್ಲಿ ಮಾಸ್ಟರ್ಸು ಯುಎಸ್ ಓಪನ್ನು ಅಂತ ಎರಡು ದೊಡ್ಡ ಟೂರ್ನಮೆಂಟೂ ಗೆದ್ದ, ಟೋಪಿಯಿಂದ ಶೂವರೆಗೂ ಅಂಡರ್ ಆರ್ಮರ್, ಆದ್ರೆ ಕೈಯಲ್ಲಿರೋ ಕ್ಲಬ್ಬು, ಹೊಡೆಯೋ ಬಾಲು ಮಾತ್ರ ಗಾಲ್ಫ್ ಸಾಮಾನು ಮಾಡೋ ಟೈಟ್ಲಿಸ್ಟ್‌ದು. ಮದುಮಗನಿಗೆ ಪಂಚೆ ಶಲ್ಯ ಪೇಟ ಎಲ್ಲಾ ನಾವು ಕೊಟ್ಟು ಚಿನ್ನದ ಆರ್ಡರ್ ಪಕ್ಕದ ಅಂಗಡಿಗೆ ಹೋದಂಗೆ ಅಂತ ನಮ್ ಗ್ರೂಪಿನ ಹುಡುಗಿ ಒಬ್ಬಳು ಅಂದ್ಲು. ಒಂದು ಡ್ರೈವರ್ (ದೂರ ಹೊಡೆಯೋ ದೊಡ್ಡ ತಲೆ ಕ್ಲಬ್ಬು) 500-600 ಡಾಲರ್ ಅಂತೆ, ಬ್ಯಾಗಲ್ಲಿ 14 ಕ್ಲಬ್‌ವರೆಗೂ ಇಟ್ಕೋಬಹುದಂತೆ, ಬಾಲು ಕಳೆದ್ಹೋಗ್ತಾನೇ ಇರುತ್ತಂತೆ. ಕಾಗದದ ಮೇಲೆ ಎಲ್ಲಾ ಚೆನ್ನಾಗೇ ಕಾಣ್ಸುತ್ತೆ. ನಾನೊಬ್ನೇ ಯಾಕೋ ಡೌಟಲ್ಲಿದೀನಿ, ಆದ್ರೆ ಯಾಕೆ ಅಂತ ಹೇಳೋಕೆ ಬರ್ತಿಲ್ಲ. ಗಾಲ್ಫ್ ಗೊತ್ತಿರೋರು, ಬಟ್ಟೆ ಬಿಸಿನೆಸ್ ಗೊತ್ತಿರೋರು ಯಾರಾದ್ರೂ ಇದ್ರೆ ದಯವಿಟ್ಟು ಬರೀರಿ.

ಸುಮ್ನೆ ಸುರೇಶ:

ಗಾಲ್ಫ್ ಅಂದ್ರೆ ಫೋಕ್ಸ್‌ವ್ಯಾಗನ್ ಕಾರು ಅಂದ್ಕೊಂಡು ಒಳಗೆ ಬಂದೆ. ಬಂದಿದೀನಿ, ಕೂತ್ಕೋತೀನಿ.

ಡಲ್ಲಾಸ್ ದಾವಣಗೆರೆ:

ಕಿರಣ್, ಈ ಪರೀಕ್ಷೆ ಆಲ್ರೆಡಿ ಒಬ್ಬರು ಬರೆದು ಪೇಪರ್ ವಾಪಸ್ ಕೊಟ್ಟು ಹೋಗಿದಾರೆ, ನೈಕಿ. ನಿಮ್ ನಾಲ್ಕು ಜನಕ್ಕೆ ಮೊದ್ಲು ಅದನ್ನ ಓದ್ಸಿ.

1996ರಲ್ಲಿ ಟೈಗರ್ ವುಡ್ಸ್‌ಗೆ ಇಪ್ಪತ್ತು ವರ್ಷ, ಐದು ವರ್ಷಕ್ಕೆ 40 ಮಿಲಿಯನ್ ಡಾಲರ್ ಕೊಟ್ಟು ಸೈನ್ ಮಾಡಿದ್ರು. ಆಗ ಅವನೂ ನಿಮ್ ಸ್ಪೀತ್ ಥರಾನೇ, ಮೈಮೇಲೆ ನೈಕಿ, ಕೈಯಲ್ಲಿ ಟೈಟ್ಲಿಸ್ಟ್. ನೈಕಿಯೋರಿಗೂ ನಿಮ್ ಗ್ರೂಪಿನ ಹುಡುಗಿಗೆ ಬಂದ ಯೋಚ್ನೆನೇ ಬಂತು. 2000ದಲ್ಲಿ ಅವನು ನೈಕಿ ಬಾಲ್‌ಗೆ ಬಂದ (ಮಾಡಿ ಕೊಡ್ತಿದ್ದೋರು ಬ್ರಿಡ್ಜ್‌ಸ್ಟೋನ್, ಅದೇ ಟೈರ್ ಕಂಪನಿ), ಬಂದ ಕೂಡ್ಲೇ ಪೆಬಲ್ ಬೀಚ್‌ನಲ್ಲಿ ಯುಎಸ್ ಓಪನ್ 15 ಸ್ಟ್ರೋಕ್ (ಹೊಡೆತ) ಅಂತರದಿಂದ ಗೆದ್ದ, ಹದಿನೈದು! 2001ರಲ್ಲಿ ಡೇವಿಡ್ ಡುವಾಲ್ ನೈಕಿ ಐರನ್ (ಚಪ್ಪಟೆ ಲೋಹದ ತಲೆ ಕ್ಲಬ್ಬು) ಹಿಡ್ಕೊಂಡು ಬ್ರಿಟಿಷ್ ಓಪನ್ ಗೆದ್ದ. ಅಂದ್ರೆ ಸಾಮಾನು ಕಳಪೆ ಅಂತ ಯಾರೂ ಹೇಳೋಂಗಿರ್ಲಿಲ್ಲ. ಆಮೇಲೆ 2005 ಮಾಸ್ಟರ್ಸ್, 16ನೇ ಹೋಲು, ಅದನ್ನ ನೀವು ಯೂಟ್ಯೂಬಲ್ಲಿ ಒಮ್ಮೆ ನೋಡಿ. ಟೈಗರ್ ಗ್ರೀನ್ (ಹೋಲ್ ಸುತ್ತ ಇರೋ ನುಣ್ಣನೆ ಹುಲ್ಲು) ಹೊರಗಿಂದ ಮೆಲ್ಲಗೆ ಎತ್ತಿ ಚಿಪ್ ಮಾಡ್ತಾನೆ, ಬಾಲು ಹೋಲ್‌ಗಿಂತ ಎಷ್ಟೋ ಆಚೆ ಮೇಲ್ಗಡೆ ಬಿದ್ದು, ನಿಧಾನ ತಿರುಗಿ, ಇಳಿಜಾರಲ್ಲಿ ಉರುಳ್ಕೊಂಡು ಬಂದು ಹೋಲ್ ಅಂಚಲ್ಲಿ ನಿಂತೇ ಬಿಡುತ್ತೆ. ಕ್ಯಾಮೆರಾ ಹತ್ರ ಹೋಗಿದೆ, ನೈಕಿ ಲೋಗೋ ಆ ಟಿಕ್ ಮಾರ್ಕ್ ಸ್ವೂಶ್ ನಮ್ ಕಡೆ ಮುಖ ಮಾಡಿ ನಿಂತಿದೆ. ಒಂದೆರಡು ಸೆಕೆಂಡು. ಆಮೇಲೆ ಟಪ್ ಅಂತ ಒಳಗೆ. ಅಂಥ ಆಡ್ ದುಡ್ಡು ಕೊಟ್ರೂ ತೆಗೆಯೋಕಾಗಲ್ಲ, ಫ್ರೀಯಾಗಿ ಸಿಕ್ತು.

ಇಷ್ಟೆಲ್ಲಾ ಇದ್ದೂ ಏನಾಯ್ತು? 2016 ಆಗಸ್ಟಲ್ಲಿ ಕ್ಲಬ್ಬು, ಬಾಲು, ಬ್ಯಾಗು ಮೂರೂ ಬಂದ್ ಅಂತ ಹೇಳಿಬಿಟ್ರು. ಆ ವರ್ಷ ನೈಕಿ ಗಾಲ್ಫ್ ಪೂರ್ತಿ ಸೇಲ್ಸ್ 706 ಮಿಲಿಯನ್ ಡಾಲರ್, ಅದ್ರಲ್ಲಿ ಬಟ್ಟೆ ಶೂನೂ ಸೇರಿದೆ, ಹಿಂದಿನ ವರ್ಷಕ್ಕಿಂತ 8 ಪರ್ಸೆಂಟ್ ಕಮ್ಮಿ. ಆಮೇಲೆ ನೈಕಿ ಶುರು ಮಾಡಿದೋರಲ್ಲಿ ಒಬ್ಬರಾದ ಫಿಲ್ ನೈಟ್ ಅವರೇ ಒಂದು ಇಂಟರ್‌ವ್ಯೂನಲ್ಲಿ ಒಪ್ಕೊಂಡ್ರು, ಕ್ಲಬ್ಬು ಬಾಲಲ್ಲಿ ಇಪ್ಪತ್ತು ವರ್ಷ ದುಡ್ಡು ಕಳ್ಕೊಂಡ್ವಿ, ಮುಂದಿನ ವರ್ಷ ಸರಿಹೋಗೋ ಲಕ್ಷಣನೂ ಕಾಣ್ಲಿಲ್ಲ ಅಂತ. ಟೈಗರ್ ಇದ್ದಾಗ ನಷ್ಟ ಸ್ವಾಮಿ. ಟೈಗರ್! 2013ರಲ್ಲಿ ರೋರಿ ಮೆಕಿಲ್‌ರಾಯ್‌ನೂ ಕರ್ಕೊಂಡ್ ಬಂದಿದ್ರು. ಜಗತ್ತಿನ ನಂಬರ್ ಒನ್ ಆಗಿದ್ದೋರು ಇಬ್ಬರೂ ಮನೆಲಿದ್ರೂ ಸಾಮಾನು ಲಾಭಕ್ಕೆ ಬರ್ಲಿಲ್ಲ ಅಂದ್ರೆ ಸ್ಪೀತ್ ಒಬ್ಬನ್ನ ತೋರ್ಸಿ ನೀವು ಏನು ಪ್ರೂವ್ ಮಾಡ್ತೀರಾ?

ಇನ್ನೊಂದು. ನೈಕಿ ಕ್ಲಬ್ ಡಿಸೈನ್ ಮಾಡ್ತಿದ್ದ ಜಾಗ ನಮ್ಮನೆಯಿಂದ ದೂರ ಇಲ್ಲ, ಫೋರ್ಟ್ ವರ್ತ್‌ನಲ್ಲಿ, ಅದಕ್ಕೆ 'ದಿ ಅವನ್' ಅಂತ ಹೆಸರು. ಅದನ್ನ ನಡೆಸ್ತಿದ್ದ ಟಾಮ್ ಸ್ಟೈಟ್ಸ್ ಹಿಂದೆ ಬೆನ್ ಹೋಗನ್ ಅನ್ನೋ ಕ್ಲಬ್ ಕಂಪನಿಯಲ್ಲಿ ಕೆಲಸ ಕಲಿತೋರು. ಅಂದ್ರೆ ಬಟ್ಟೆಯೋರು ಕೂತು ಕ್ಲಬ್ ಗೀಚಿದ್ದಲ್ಲ, ಕಸುಬು ಗೊತ್ತಿರೋರನ್ನೇ ಇಟ್ಕೊಂಡಿದ್ರು. ಮುಚ್ಚೋವಾಗ ಅಂಗಡಿಲಿ ಡಿಸ್ಕೌಂಟ್ ಬಿಟ್ರು ನೋಡಿ, ಆಗ ನಾನು ವೇಪರ್ ಫ್ಲೈ ಐರನ್ ಸೆಟ್ ತಗೊಂಡೆ, ನೀಲಿ ಬಣ್ಣ ಇರೋದು, ಇವತ್ತಿಗೂ ಶನಿವಾರ ಅದ್ರಲ್ಲೇ ಆಡೋದು. ಚೆನ್ನಾಗಿದೆ ರೀ. ನನಗೆ ಇನ್ನೂ ಆಶ್ಚರ್ಯ ಅದೇ, ಸಾಮಾನು ಚೆನ್ನಾಗಿದ್ರೂ ಜನ ತಗೊಳ್ಲಿಲ್ಲ.

ಹದಿನೆಂಟನೇ ಹೋಲು:

ಮೇಲಿನೋರು ಆಶ್ಚರ್ಯ ಅಂದ್ರಲ್ಲ, ನನಗೇನೂ ಆಶ್ಚರ್ಯ ಇಲ್ಲ ಸಾರ್. ಬೆಂಗಳೂರಲ್ಲಿ ಒಂದು ಕೋರ್ಸಲ್ಲಿ ಹನ್ನೊಂದು ವರ್ಷ ಕ್ಯಾಡಿ ಆಗಿದ್ದೆ, ಹೆಸರು ಬೇಡ, ಈಗ ಪ್ರೋ ಶಾಪಲ್ಲಿ (ಕೋರ್ಸಿನ ಗಾಲ್ಫ್ ಸಾಮಾನು ಅಂಗಡಿ) ರಿಪೇರಿ ಟೇಬಲ್ ನೋಡ್ಕೋತೀನಿ. ಗ್ರಿಪ್ ಬದಲಾಯ್ಸೋದು, ಶಾಫ್ಟ್ (ತಲೆಗೆ ಸೇರೋ ಉದ್ದ ಕೋಲು) ಕಟ್ ಮಾಡೋದು, ಲೈ (ತಲೆ ಕೂರೋ ಕೋನ) ಬಗ್ಗಿಸೋದು. ಹನ್ನೊಂದು ವರ್ಷ ಬೇರೆಯೋರ ಬ್ಯಾಗ್ ಹೆಗಲ ಮೇಲೆ ಹೊತ್ತೋನು ನಾನು, ಯಾರ ಬ್ಯಾಗಲ್ಲಿ ಏನಿದೆ ಅಂತ ಅವರ ಮನೆಯೋರಿಗಿಂತ ನಂಗೆ ಚೆನ್ನಾಗಿ ಗೊತ್ತು.

ಮೆಂಬರ್‌ಗಳು ಟೀಶರ್ಟ್ ಹೆಂಗ್ ತಗೋತಾರೆ? ಮಾಲ್‌ಗೆ ಹೋದ್ರು, ಬಣ್ಣ ಇಷ್ಟ ಆಯ್ತು, ತಗೊಂಡ್ರು. ಮಗಳು ಅಮೆರಿಕಾದಿಂದ ತಂದ್ಲು, ಹಾಕ್ಕೊಂಡ್ರು. ನಾಳೆ ಬೇರೆ ಬ್ರ್ಯಾಂಡು. ಕ್ಲಬ್ ಹಂಗಲ್ಲ. ಕ್ಲಬ್ ತಗೊಳ್ಳೋ ಮುಂಚೆ ಪ್ರಾಕ್ಟೀಸ್ ಮಾಡೋ ರೇಂಜಲ್ಲಿ ನಿಲ್ಲಿಸ್ತೀವಿ, ಕ್ಲಬ್ ಮುಖಕ್ಕೆ ಒಂದು ಟೇಪ್ ಅಂಟಿಸ್ತೀವಿ, ಬಾಲ್ ಬಡಿದ ಜಾಗದಲ್ಲಿ ಕಲೆ ಬೀಳುತ್ತೆ. ನಡುವೆ ಬಿದ್ರೆ ಸರಿ, ತುದಿಗೋ ಬುಡಕ್ಕೋ ಬಿದ್ರೆ ಉದ್ದ ಸರಿ ಇಲ್ಲ. ತಳಕ್ಕೊಂದು ಟೇಪ್ ಹಾಕಿ ಹಲಗೆ ಮೇಲೆ ಹೊಡೆಸಿದ್ರೆ ಕೋನ ಗೊತ್ತಾಗುತ್ತೆ. ಆಮೇಲೆ ಶಾಫ್ಟು ರೆಗ್ಯುಲರ್ರಾ ಸ್ಟಿಫ್ಫಾ, ಎಷ್ಟು ಗ್ರಾಂ. ಇದೆಲ್ಲಾ ಆಗೋಕೆ ಒಂದು ಗಂಟೆ ಬೇಕು, ಕೊನೇಲಿ ಸಾಹೇಬ್ರು ತಿರುಗಿ ಕೋಚ್ ಮುಖ ನೋಡ್ತಾರೆ. ಕೋಚ್ ತಲೆ ಆಡ್ಸಿದ್ರೆ ಕಾರ್ಡ್ ತೆಗೀತಾರೆ, ಇಲ್ಲಾಂದ್ರೆ "ನೋಡೋಣ ಬಿಡಿ". ದೇವರು ವರ ಕೊಟ್ರೂ ಪೂಜಾರಿ ಕೊಡಬೇಕಲ್ಲ. ಟೈಗರ್ ಟಿವಿಯಲ್ಲಿ ವರ ಕೊಟ್ಟ, ಊರೂರಿನ ಪ್ರೋ ಶಾಪಿನ ಪೂಜಾರಿಗಳು ಕೊಡ್ಲಿಲ್ಲ, ನಾನು ನೋಡಿದ ಮಟ್ಟಿಗೆ ವಿಷಯ ಇಷ್ಟೇ.

ಒಂದು ಉದಾಹರಣೆ. ಒಬ್ರು ಸಾಹೇಬ್ರು, ದುಬೈಯಿಂದ ಒಂದು ಪೂರ್ತಿ ಸೆಟ್ ತಂದ್ರು, ಯಾವ ಬ್ರ್ಯಾಂಡ್ ಅಂತ ಬೇಡ. ಬ್ಯಾಗು, ಹೆಡ್‌ಕವರು, ಛತ್ರಿ ಎಲ್ಲಾ ಒಂದೇ ಬಣ್ಣ, ನೋಡೋಕೆ ಮದುವೆ ಬ್ಯಾಂಡ್ ಸೆಟ್ ಥರ. ಮೊದಲ ದಿನ ಡ್ರೈವರ್ ಹೊಡೆದ್ರೆ ಬಾಲು ಬಲಗಡೆ ಮರದೊಳಗೆ, ಎರಡನೇದೂ ಅಲ್ಲೇ, ಮೂರನೇದೂ ಅಲ್ಲೇ. ಶಾಫ್ಟ್ ಅವರಿಗಿಂತ ಮೂವತ್ತು ವರ್ಷ ಚಿಕ್ಕೋರಿಗೆ ಮಾಡಿದ್ದು, ಕಬ್ಬಿಣದ ಸರಳಿನಂಗೆ ಬಗ್ಗಲ್ಲ. ಎರಡು ವಾರಕ್ಕೆ ಹಳೇ ಸೆಟ್ ವಾಪಸ್ ಬಂತು, ಆದ್ರೆ ಆ ಬ್ರ್ಯಾಂಡ್ ಟೀಶರ್ಟ್ ಮಾತ್ರ ಇವತ್ತೂ ಹಾಕ್ತಾರೆ. ಬಟ್ಟೆ ಮೇಲೆ ಯಾರಿಗೂ ಸಿಟ್ಟು ಬರಲ್ಲ ಸಾರ್, ಟೀಶರ್ಟ್ ಹಾಕ್ಕೊಂಡ್ರೆ ಬಾಲ್ ಕಾಡಿಗೆ ಹೋಗಲ್ಲ.

ಕುವೆಂಪುನಗರ ಕಿರಣ:

ಅಣ್ಣಾ ಇದು ನಮ್ ಟೆಕ್ಸ್ಟ್‌ಬುಕ್ಕಲ್ಲಿ ಎಲ್ಲೂ ಇಲ್ಲ. ಕೊನೇ ಲೈನ್ ಸ್ಲೈಡಲ್ಲಿ ಹಾಕ್ಕೊಳ್ಳಾ? ಇನ್ನೊಂದು ಡೌಟು, ಇವರಿಗೆ ಕ್ಲಬ್ ಮಾಡೋ ಫ್ಯಾಕ್ಟರಿನೇ ಇಲ್ವಲ್ಲ, ಅದಕ್ಕೇ ಎಷ್ಟು ದುಡ್ಡು ಬೇಕಾಗ್ಬೋದು?

ಉದ್ಯಮಬಾಗ ಮಲ್ಲಪ್ಪ:

ತಮ್ಮಾ, ನಾ ಗಾಲ್ಫ್ ಆಡಾಂವ ಅಲ್ಲ, ಬೆಳಗಾಂವದಾಗ ಎರಕದ ಕೆಲಸ ಮಾಡಾಂವ. ಫ್ಯಾಕ್ಟರಿ ಬಗ್ಗೆ ನೀ ಚಿಂತಿ ಮಾಡಬ್ಯಾಡ, ಅದ ಎಲ್ಲಾಕ್ಕಿಂತ ಸಣ್ಣ ಪ್ರಶ್ನೆ ಐತಿ. ಈಗ ದೊಡ್ಡ ದೊಡ್ಡ ಹೆಸರಿನ ಕಂಪನಿಯವರೂ ಕ್ಲಬ್ಬಿನ ತಲಿ ಎಲ್ಲಾ ತಾವ ಎರಕ ಹೊಯ್ಯೂದಿಲ್ಲ, ತೈವಾನ್, ಚೀನಾದಾಗ ಅದ ಕೆಲಸ ಮಾಡೂ ಕಂಪನಿಗೋಳು ಅದಾವು. ಶಾಫ್ಟ್ ಬ್ಯಾರೆಯವರದು, ಟ್ರೂ ಟೆಂಪರ್, ಫುಜಿಕುರಾ ಅಂತ. ಡ್ರಾಯಿಂಗ್ ಕೊಟ್ಟು ರೊಕ್ಕ ಕೊಟ್ರ ನಿಂದೂ ಮಾಡಿ ಕೊಡ್ತಾರ, ನಂದೂ ಮಾಡಿ ಕೊಡ್ತಾರ.

ತಲಿ ಮಾಡೂದು ಹೆಂಗ ಅಂದ್ರ, ಮೊದಲ ಮೇಣದಾಗ ಅಚ್ಚ ಅದ ಆಕಾರ ಮಾಡ್ಕೋಬೇಕು, ಅದನ್ನ ಸಿರಾಮಿಕ್ ರಾಡಿಯೊಳಗ ಅದ್ದಿ ಅದ್ದಿ ತಗದು ಒಣಗಿಸಿ ಚಿಪ್ಪ ಕಟ್ಟಿಸಬೇಕು, ಕಾಯಿಸಿದ ಮ್ಯಾಲ ಮೇಣ ಕರಗಿ ಹೋಗತೈತಿ, ಆ ಖಾಲಿ ಚಿಪ್ಪಿನೊಳಗ ಲೋಹ ಹೊಯ್ಯೂದು. ನಾವೂ ಪಂಪಿನ ಇಂಪೆಲ್ಲರ್ ಹಿಂಗ ಮಾಡ್ತೀವಿ. ಡ್ರೈವರಿಗೆ ಟೈಟೇನಿಯಂ, ಅದು ಗಾಳಿ ಹತ್ತಿದ್ರ ಕೆಡತೈತಿ, ಹಂಗಾಗಿ ವ್ಯಾಕ್ಯೂಮ್ ಕುಲುಮಿ ಬೇಕು. ಇಡೀ ತಲಿ 200 ಗ್ರಾಂ ಆಸುಪಾಸು, ಒಳಗ ಪೊಳ್ಳು, ಬಾಲ್ ಬಡಿಯೂ ಮುಖ ಬರೇ ಮೂರು ಮಿಲಿಮೀಟರ್ ಹತ್ರ. ತೆಳ್ಳಗ ಮಾಡಿದಷ್ಟೂ ಬಾಲು ಪುಟಿದು ದೂರ ಹೋಗತೈತಿ. ಹಂಗಾದ್ರ ಇನ್ನೂ ತೆಳ್ಳಗ ಮಾಡಿ ಎಲ್ಲಾರನೂ ಹೊಡದ ಹಾಕೂಣ ಅಂತಿಯೇನ? ಆಗೂದಿಲ್ಲ. ಯುಎಸ್‌ಜಿಎ, ಆರ್ ಅಂಡ್ ಎ ಅಂತ ಆಟದ ನಿಯಮ ಮಾಡೂ ಎರಡು ಸಂಸ್ಥೆ ಅದಾವು, ಪುಟಿಯೂ ಲೆಕ್ಕ 0.830 ದಾಟಬಾರದು, ತಲಿ 460 ಸಿಸಿ ದಾಟಬಾರದು ಅಂತ ಗೆರಿ ಹಾಕ್ಯಾರ. ಹಳೆ ಕಂಪನಿಯವರೆಲ್ಲಾ ಎಂದೋ ಬಂದು ಆ ಗೆರಿಗೆ ಮೂಗು ಹಚ್ಚಿ ನಿಂತಾರ. ಹೊಸದಾಗಿ ಬಂದಾಂವ ಏನ ಕೊಡತೀನಿ ಅಂತ ಹೇಳಬೇಕು ಹೇಳು? ಬಾಲಿಂದೂ ಅದ ಹಾಡು, 45.93 ಗ್ರಾಂಕಿಂತ ಭಾರ ಇರಬಾರದು, 42.67 ಮಿಲಿಮೀಟರ್‌ಕಿಂತ ಸಣ್ಣದಿರಬಾರದು.

2007ರಾಗ ನೈಕಿಯವರು ಚೌಕ ತಲಿ ಡ್ರೈವರ್ ತಂದ್ರು, ಸುಮೋ ಸ್ಕ್ವೇರ್ಡ್ ಅಂತ, ಹಳದಿ ಬಣ್ಣ. ಅದರಾಗ ಕೆಲವು ತಲಿ ಈ ಗೆರಿ ದಾಟ್ಯಾವು ಅಂತ ಆತು, ಮಾರಿದ್ದನ್ನ ವಾಪಸ್ ಕರಿಸಬೇಕಾತು. ಹೊಡದ್ರ ತಗಡಿನ ಡಬ್ಬಿ ಬಡದಂಗ ಸಪ್ಪಳ ಅಂತ ಆಡೂ ಮಂದಿ ಬ್ಯಾರೆ ನಕ್ಕಿದ್ರು. ಈಗ ನೋಡು, ಮೂರು ಮಿಲಿಮೀಟರ್ ತಗಡಿನಾಗ ಕೂದಲೆಳಿ ಅಷ್ಟ ಹೆಚ್ಚು ಕಡಿಮಿ ಅಂದ್ರ ನಮ್ಮ ಕಸುಬಿನಾಗ ದಿನಾ ಆಗೂ ಮಾತು. ಹಳೆ ಕಂಪನಿಗೆ ಆದ್ರ ಮಂದಿ ಮರೀತಾರ, ಬಟ್ಟಿ ಕಂಪನಿಗೆ ಆದ್ರ "ನಾ ಮೊದಲ ಹೇಳಿದ್ನಿಲ್ಲ" ಅಂತಾರ. ಅಡಿಕೆಗೆ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ.

ದಲಾಲ್ ಸ್ಟ್ರೀಟ್ ದಾಸಪ್ಪ:

ಎಲ್ಲರೂ ಒಂದೇ ಕಡೆ ವಾಲ್ತಿದೀರಾ, ಸ್ವಲ್ಪ ಉಲ್ಟಾ ಹೊಡೀತೀನಿ.

2016 ಯಾವ ವರ್ಷ? ಅಮೆರಿಕಾದಲ್ಲಿ ಗಾಲ್ಫ್ ಸತ್ತೇ ಹೋಯ್ತು ಅಂತ ಎಲ್ಲರೂ ಬರೀತಿದ್ದ ಟೈಮು. 2014ರಲ್ಲಿ ಡಿಕ್ಸ್ ಸ್ಪೋರ್ಟಿಂಗ್ ಗೂಡ್ಸ್ ತನ್ನ ಅಂಗಡಿಲಿದ್ದ 400ಕ್ಕೂ ಹೆಚ್ಚು ಗಾಲ್ಫ್ ಪ್ರೊಫೆಷನಲ್‌ಗಳನ್ನ ಮನೆಗೆ ಕಳಿಸ್ತು, 2016ರಲ್ಲಿ ಗಾಲ್ಫ್‌ಸ್ಮಿತ್ ಅನ್ನೋ ದೊಡ್ಡ ಚೈನ್ ದಿವಾಳಿ. ನೈಕಿ ಓಡಿಹೋಗಿದ್ದು ಆ ಕತ್ತಲಲ್ಲಿ. ಆಮೇಲೆ ಕೋವಿಡ್ ಬಂತು, ಎಲ್ಲಾ ಬಂದ್, ಗಾಲ್ಫ್ ಕೋರ್ಸ್ ಮಾತ್ರ ಓಪನ್, ಜನ ನುಗ್ಗಿದ್ರು, ನುಗ್ಗಿದೋರು ವಾಪಸ್ ಹೋಗ್ಲಿಲ್ಲ. 2024ರಲ್ಲಿ ಅಲ್ಲಿ ಕೋರ್ಸ್‌ಗೆ ಹೋಗಿ ಆಡಿದೋರು 2.8 ಕೋಟಿ ಜನ. ಟೈಟ್ಲಿಸ್ಟ್ ಮಾಡೋ ಅಕುಶ್ನೆಟ್ ಕಂಪನಿ ಅದೇ ವರ್ಷ ಸುಮಾರು 2.46 ಬಿಲಿಯನ್ ಡಾಲರ್ ಸೇಲ್ಸ್ ಮಾಡ್ತು. ಸತ್ತ ಆಟ ಇಷ್ಟು ದುಡ್ಡು ಕೊಡುತ್ತಾ?

ಅಡಿಡಾಸ್ ಕಥೆ ಇನ್ನೂ ಹೊಟ್ಟೆ ಉರಿಸೋದು. 1997ರಲ್ಲಿ ಸಾಲೊಮನ್ ಅನ್ನೋ ಫ್ರೆಂಚ್ ಕಂಪನಿ ತಗೊಂಡಾಗ ಅದ್ರ ಜೊತೆ ಕ್ಲಬ್ ಮಾಡೋ ಟೇಲರ್‌ಮೇಡ್ ಬಂತು, ಸುಮಾರು ಇಪ್ಪತ್ತು ವರ್ಷ ಇಟ್ಕೊಂಡ್ರು, ಒಳ್ಳೆ ದಿನನೂ ನೋಡಿದ್ರು. 2017ರಲ್ಲಿ ಕೆಪಿಎಸ್ ಅನ್ನೋ ಹೂಡಿಕೆ ಕಂಪನಿಗೆ 425 ಮಿಲಿಯನ್‌ಗೆ ಮಾರಿದ್ರು, ಅದ್ರಲ್ಲೂ ಅರ್ಧ ಮಾತ್ರ ನಗದು. ನಾಲ್ಕೇ ವರ್ಷ, 2021ರಲ್ಲಿ ಕೆಪಿಎಸ್‌ನೋರು ಅದನ್ನೇ ಕೊರಿಯಾದ ಸೆಂಟ್ರಾಯ್ಡ್‌ಗೆ ಸುಮಾರು 1.7 ಬಿಲಿಯನ್‌ಗೆ ಮಾರಿದ್ರು! ಇದನ್ನ ಗಾಲ್ಫ್ ಸಾಮಾನಲ್ಲಿ ದುಡ್ಡಿಲ್ಲ ಅಂತ ಓದ್ತೀರಾ, ಅಡಿಡಾಸ್ ಸೈಟ್ ಮಾರಿದ ಮೇಲೆ ಪಕ್ಕದಲ್ಲಿ ಮೆಟ್ರೋ ಬಂತು ಅಂತ ಓದ್ತೀರಾ?

ಕೊನೇದು, ಇದು ಯಾರಿಗೂ ನೆನಪಿರಲ್ಲ. 2011ರಲ್ಲಿ ಅಕುಶ್ನೆಟ್‌ನ ತಗೊಂಡಿದ್ದು ಯಾರು? ಫಿಲಾ ಕೊರಿಯಾ ಮುಂದೆ ನಿಂತ ಒಂದು ಗುಂಪು, ಸುಮಾರು 1.2 ಬಿಲಿಯನ್ ಡಾಲರ್‌ಗೆ. ಫಿಲಾ, ಅದೇ ಶೂ ಟ್ರ್ಯಾಕ್‌ಪ್ಯಾಂಟ್ ಫಿಲಾ. ಈಗ ಆ ಗುಂಪಿಗೆ ಅನ್ನ ಹಾಕ್ತಿರೋದು ಬಟ್ಟೆಗಿಂತ ಹೆಚ್ಚಾಗಿ ಟೈಟ್ಲಿಸ್ಟೇ. ಪೂಮಾ 2010ರಲ್ಲಿ ಕೋಬ್ರಾ ಅನ್ನೋ ಕ್ಲಬ್ ಕಂಪನಿ ತಗೊಂಡ್ತು, ಇವತ್ತಿಗೂ ನಡೆಸ್ತಿದೆ. ಮಿಜುನೋ 1933ರಿಂದ ಕ್ಲಬ್ ಮಾಡ್ತಿದೆ, ರನ್ನಿಂಗ್ ಶೂನೂ ಮಾರುತ್ತೆ. ಹಂಗಾಗಿ ಬಟ್ಟೆಯೋರು ಕ್ಲಬ್ ಮುಟ್ಬಾರ್ದು ಅನ್ನೋದು ತಪ್ಪು. ತಾನೇ ಶುರು ಮಾಡೋದ್ ಬಿಟ್ಟು ಇರೋದನ್ನ ತಗೋಬೇಕು.

ಡಲ್ಲಾಸ್ ದಾವಣಗೆರೆ:

ದಾಸಪ್ಪ ಅವರೇ, ಫಿಲಾ ಪಾಯಿಂಟ್ ನಂಗೆ ಹೊಳೆದೇ ಇರ್ಲಿಲ್ಲ, ಒಪ್ಪಿದೆ. ಆದ್ರೆ ಅದು ನಿಮ್ ವಾದಕ್ಕಿಂತ ನಮ್ ವಾದಕ್ಕೇ ಹತ್ರ ಇದೆ ನೋಡಿ. ಟೈಟ್ಲಿಸ್ಟ್ ಬಾಲ್ ಮೇಲೆ ಎಲ್ಲಾದ್ರೂ ಫಿಲಾ ಅಂತ ಬರ್ದಿದೆಯಾ? ನನ್ ಜೊತೆ ಆಡೋ ಅಮೆರಿಕನ್ನರಿಗೆ ಹೇಳಿದ್ರೆ ನಂಬಲ್ಲ. ಫಿಲಾ ಮಾಡಿದ ಜಾಣತನ ಅಂದ್ರೆ ತನ್ನ ಹೆಸರು ತರ್ದೇ ಸುಮ್ನಿದ್ದಿದ್ದು. ಪೂಮಾನೂ ಅಷ್ಟೇ, ಕ್ಲಬ್ ಮೇಲೆ ಕೋಬ್ರಾ, ಬಟ್ಟೆ ಮೇಲೆ ಪೂಮಾ. ಕಿರಣ್ ಅವರ ಕೇಸಲ್ಲಿ ಪ್ರಶ್ನೆ ಅಂಡರ್ ಆರ್ಮರ್ ಹೆಸರಲ್ಲಿ ಕ್ಲಬ್ ಮಾರೋದು, ಅದು ಬೇರೆ.

ಮಿಜುನೋನ ಈ ಲಿಸ್ಟಿಗೆ ಸೇರಿಸ್ಬೇಡಿ, ಅವರು ಮೊದ್ಲಿಂದ್ಲೂ ಆಟದ ಸಾಮಾನು ಮಾಡ್ಕೊಂಡು ಬಂದೋರು, ಬಟ್ಟೆಯಿಂದ ಕ್ಲಬ್‌ಗೆ ಹಾರಿದೋರಲ್ಲ.

ದಲಾಲ್ ಸ್ಟ್ರೀಟ್ ದಾಸಪ್ಪ:

ಮಿಜುನೋ ವಾಪಸ್ ತಗೊಂಡೆ. ಟೈಮಿಂಗ್ ಪಾಯಿಂಟ್ ವಾಪಸ್ ಇಲ್ಲ.

ಪೀಣ್ಯ ಗೀತಾ:

ಇದನ್ನ ಓದ್ತಾ ಇದ್ದೆ, ಬರೀಬಾರ್ದು ಅಂದ್ಕೊಂಡೆ, ಆಗ್ಲಿಲ್ಲ. ನಾನು ಗಾರ್ಮೆಂಟ್ಸ್‌ನಲ್ಲಿ ಮರ್ಚಂಡೈಸರ್, ಹದಿನಾಲ್ಕು ವರ್ಷ, ಎಕ್ಸ್‌ಪೋರ್ಟ್ ಪೋಲೋ ಟೀಶರ್ಟೇ ನನ್ ಅನ್ನ, ಅದ್ರಲ್ಲಿ ಗಾಲ್ಫ್ ಪೋಲೋನೂ ಬರುತ್ತೆ. ಬೆನ್ನ ಹಿಂದೆ ಸ್ವಲ್ಪ ಉದ್ದ, ಸ್ವಿಂಗ್ ಮಾಡ್ದಾಗ ಪ್ಯಾಂಟಿಂದ ಆಚೆ ಬರ್ಬಾರ್ದು, ತೋಳು ಸೇರೋ ಜಾಗದಲ್ಲಿ ಹೊಲಿಗೆ ಮುಂದಕ್ಕೆ ತಳ್ಳಿರ್ತಾರೆ. ಇಷ್ಟೇ ವ್ಯತ್ಯಾಸ. ಮಾಮೂಲಿ ಪೋಲೋ ಹೊಲಿಯೋ ಅದೇ ಲೈನು, ಅದೇ ಹುಡುಗಿಯರು, ಎದೆ ಮೇಲೆ ಲೋಗೋ ಬಿದ್ದು 80 ಡಾಲರ್ ಟ್ಯಾಗ್ ಹಾಕ್ತಾರೆ. ಕಿರಣ್, ನಿಮ್ ಗ್ರೂಪಲ್ಲಿ ಡ್ರೈವರ್ 600 ಡಾಲರ್ ಅಂತ ಕಣ್ ಅರಳ್ಸಿದಾರೆ, ರೇಟ್ ಬೇರೆ ಉಳಿಯೋದ್ ಬೇರೆ. ಡ್ರೈವರಲ್ಲಿ ಟೈಟೇನಿಯಂ ದುಡ್ಡು, ಶಾಫ್ಟ್ ದುಡ್ಡು, ರಿಸರ್ಚ್ ದುಡ್ಡು, ಆಡೋ ಪ್ರೊಫೆಷನಲ್‌ಗೆ ಕೊಡೋ ದುಡ್ಡು, ಊರೂರಿಗೆ ಫಿಟ್ಟಿಂಗ್ ಗಾಡಿ ಕಳ್ಸೋ ದುಡ್ಡು, ಎಲ್ಲಾ ಕಳೀಬೇಕು.

ಸ್ಟಾಕ್ ವಿಷ್ಯ ಇನ್ನೂ ಕಷ್ಟ. ನಮ್ಮಲ್ಲಿ ಒಂದು ಬಣ್ಣ ಓಡ್ಲಿಲ್ಲ ಅಂದ್ರೆ ಔಟ್‌ಲೆಟ್‌ಗೆ ಹೋಗುತ್ತೆ, ಅರ್ಧ ರೇಟ್‌ಗೆ ಯಾರೋ ತಗೋತಾರೆ, ಮುಂದಿನ ಸೀಸನ್ ಬಣ್ಣಕ್ಕೆ ಏನೂ ಏಟಾಗಲ್ಲ. ಡ್ರೈವರ್ ಹಂಗಲ್ಲ. ಹೋದ್ ವರ್ಷದ ಮಾಡೆಲ್ ಅರ್ಧ ರೇಟಲ್ಲಿ ಪಕ್ಕದಲ್ಲೇ ನಿಂತಿದ್ರೆ ಈ ವರ್ಷದ್ದನ್ನ ಯಾರ್ ಮುಟ್ತಾರೆ? ಟೇಲರ್‌ಮೇಡ್ ಇದ್ರಲ್ಲೇ ಕೈ ಸುಟ್ಕೊಂಡಿದ್ದು, ಒಂದ್ರ ಹಿಂದೆ ಒಂದು ಡ್ರೈವರ್ ಬಿಟ್ರು, ಅಂಗಡಿಯೋರ ಹತ್ರ ಹಳೇದೇ ಮುಗ್ದಿಲ್ಲ, 2014ರಲ್ಲಿ ಅವರ ಸೇಲ್ಸ್ ಕಾಲು ಭಾಗಕ್ಕಿಂತ ಜಾಸ್ತಿ ಬಿತ್ತು. ದಾಸಪ್ಪ ಅವರೇ, ಮೆಟ್ರೋ ಬರೋವರೆಗೂ ಸೈಟ್ ಇಟ್ಕೊಳ್ಳೋಕೆ ಮನೆಲಿ ಅಕ್ಕಿ ಇರ್ಬೇಕಲ್ವಾ.

ಈ ಅಕ್ಕಿ ಪ್ರಶ್ನೆ ಯಾರೂ ಕೇಳ್ಲಿಲ್ಲ, ಅದಕ್ಕೇ ಬರೆಯೋಕ್ ಕೂತಿದ್ದು. ಅಂಡರ್ ಆರ್ಮರ್ ಹತ್ರ ಇದೆಯಾ? ಒಂದ್ ಕಾಲದಲ್ಲಿ ಸತತ 26 ಕ್ವಾರ್ಟರ್ 20 ಪರ್ಸೆಂಟ್ ಮೇಲೆ ಬೆಳೆದ ಕಂಪನಿ ಅದು, 2016ರ ಕೊನೆಗೆ ಆ ಓಟ ನಿಂತ್ಹೋಯ್ತು, ನಮ್ ಫೀಲ್ಡಲ್ಲಿ ಎಲ್ಲರಿಗೂ ನೆನಪಿದೆ. ಅದಕ್ಕೂ ಮುಂಚೆ ಕೈ ತುಂಬಾ ದುಡ್ಡಿದ್ದಾಗ ಏನ್ ಮಾಡಿದ್ರು? ಬಟ್ಟೆ ಬಿಟ್ಟು ಮೊಬೈಲ್ ಆ್ಯಪ್‌ಗೆ ಹೋದ್ರು. 2015ರಲ್ಲಿ ಮೈಫಿಟ್ನೆಸ್‌ಪಾಲ್ ಅನ್ನೋ ಊಟದ ಲೆಕ್ಕ ಬರ್ಕೊಳ್ಳೋ ಆ್ಯಪ್‌ಗೆ 475 ಮಿಲಿಯನ್ ಡಾಲರ್ ಕೊಟ್ರು, 2020ರಲ್ಲಿ 345 ಮಿಲಿಯನ್‌ಗೆ ಮಾರಿದ್ರು. ಆಮೇಲೆ ಮೇಲಿಂದ ಮೇಲೆ ಸಿಇಓ ಬದ್ಲಾದ್ರು, ಕೊನೆಗೆ 2024ರಲ್ಲಿ ಕಂಪನಿ ಶುರು ಮಾಡಿದ ಕೆವಿನ್ ಪ್ಲ್ಯಾಂಕ್ ಅವರೇ ವಾಪಸ್ ಬಂದು ಕುರ್ಚಿ ಮೇಲೆ ಕೂತಿದಾರೆ. ಈಗ ಅವರು ಐಟಂ ಕಮ್ಮಿ ಮಾಡಿ ಮನೆ ಸರಿ ಮಾಡ್ಕೋತಿರೋ ಟೈಮು. ಇಂಥ ಟೈಮಲ್ಲಿ ಕ್ಲಬ್ ಮಾಡಿ ಅಂತ ಸ್ಲೈಡ್ ತೋರ್ಸಿದ್ರೆ ನಿಮ್ ಮೇಡಂ ಬಿಡಿ, ನಾನೇ ಮಾರ್ಕ್ಸ್ ಕೊಡಲ್ಲ.

ನನ್ನ ಕೇಳಿದ್ರೆ ಹೊಲಿಗೆ ಇರೋ ಐಟಂ ಎಲ್ಲಾ ಮಾಡ್ಲಿ. ಗ್ಲೌಸ್ ಈಗ್ಲೇ ಮಾರ್ತಾರೆ, ಅದು ಸವೆಯುತ್ತೆ, ಹರಿಯುತ್ತೆ, ಮತ್ತೆ ತಗೋಬೇಕು. ಬ್ಯಾಗು, ಮಳೆ ಕೋಟು, ಹೆಣ್ಮಕ್ಕಳ ಗಾಲ್ಫ್ ಬಟ್ಟೆ. ಸೂಜಿ ದಾರದಲ್ಲಿ ಆಗೋದು ಎಲ್ಲಾ ಅವರ ಕೈಗೆ ಹತ್ತುತ್ತೆ. ಆಪೊಸಿಟ್ ಕಡೆಯಿಂದ ನೋಡಿ, ಕ್ಲಬ್ ಮಾಡೋ ಕ್ಯಾಲವೇ ಕಂಪನಿ 2017ರಲ್ಲಿ ಟ್ರಾವಿಸ್‌ಮ್ಯಾಥ್ಯೂ ಅನ್ನೋ ಬಟ್ಟೆ ಬ್ರ್ಯಾಂಡ್ 125 ಮಿಲಿಯನ್ ಚಿಲ್ರೆಗೆ ತಗೊಂಡು ಚೆನ್ನಾಗೇ ಬೆಳೆಸಿದ್ರು. ಕ್ಲಬ್ಬಿಂದ ಬಟ್ಟೆಗೆ ಬರೋ ದಾರಿ ಇಳಿಜಾರು, ಬಟ್ಟೆಯಿಂದ ಕ್ಲಬ್‌ಗೆ ಹೋಗೋ ದಾರಿ ಘಾಟಿ. (ಅದೇ ಕ್ಯಾಲವೇ ಕಂಪನಿ ಜ್ಯಾಕ್ ವುಲ್ಫ್‌ಸ್ಕಿನ್ ಅನ್ನೋ ಜರ್ಮನ್ ಬಟ್ಟೆ ಕಂಪನಿ ತಗೊಂಡು ಕೊನೆಗೆ ಮಾರ್ಬೇಕಾಯ್ತು, ಅಂದ್ರೆ ಇಳಿಜಾರಲ್ಲೂ ಬೀಳೋರು ಬೀಳ್ತಾರೆ.)

ಕುವೆಂಪುನಗರ ಕಿರಣ:

ಗೀತಕ್ಕಾ, ಆ್ಯಪ್ ವಿಷ್ಯ ಗೊತ್ತೇ ಇರ್ಲಿಲ್ಲ, ಬಹಳ ಥ್ಯಾಂಕ್ಸ್. ಗ್ರೂಪಲ್ಲಿ ಓದ್ ಹೇಳ್ದೆ, ಇಬ್ಬರು ನನ್ ಕಡೆ ಬಂದ್ರು, ಈಗ 3-2. ಉಳಿದ ಇಬ್ಬರು ಹೊಸ ವಾದ ತಂದಿದಾರೆ, ಕ್ಲಬ್ ಬೇಡ, ಬಾಲ್ ಮಾತ್ರ ಮಾಡೋಣ ಅಂತ. ಬಾಲ್‌ಗೆ ಫಿಟ್ಟಿಂಗು ಗಿಟ್ಟಿಂಗು ಬೇಡ, ಡಬ್ಬದಿಂದ ತೆಗೆದು ಹೊಡೆಯೋದು. ಇಲ್ಲಾಂದ್ರೆ ಹೊಸಬರಿಗೆ ಅಗ್ಗದ ಸೆಟ್. ಇದಕ್ಕೇನ್ ಹೇಳ್ಲಿ?

ಡಲ್ಲಾಸ್ ದಾವಣಗೆರೆ:

ಬಾಲ್ ವಾದ ಕೆಟ್ಟದ್ದೇನಲ್ಲ, ನಂಗೂ ಆಸೆ ಹುಟ್ಟಿಸುತ್ತೆ. ಆದ್ರೆ 2000ದಲ್ಲಿ ಟೈಟ್ಲಿಸ್ಟ್ ಪ್ರೋ ವಿ1 ಅನ್ನೋ ಬಾಲ್ ಬಂದಾಗಿಂದ ಅದು ಕೂತಿರೋ ಕುರ್ಚಿ ಯಾರೂ ಎಳೆಯೋಕಾಗಿಲ್ಲ. ಅಲ್ಲಾಡಿಸಿದ್ದು ಯಾರು ಗೊತ್ತಾ, ಕಾಸ್ಟ್ಕೋ! ಅಕ್ಕಿ ಮೂಟೆ, ಬಾದಾಮಿ, ಟಿಶ್ಯೂ ಪೇಪರ್ ಮಾರೋ ಅಂಗಡಿ. 2016ರಲ್ಲಿ ಕರ್ಕ್‌ಲ್ಯಾಂಡ್ ಅಂತ ತನ್ನ ಹೆಸರಲ್ಲಿ ಬಾಲ್ ಇಟ್ರು, ಎರಡು ಡಜನ್ 30 ಡಾಲರ್, ಆಗ ಪ್ರೋ ವಿ1 ಒಂದು ಡಜನ್ನೇ 50 ಹತ್ರ. ಜನ ಮುಗಿಬಿದ್ರು, ಸ್ಟಾಕ್ ಖಾಲಿ, ಇಂಟರ್ನೆಟ್ಟಲ್ಲಿ ಬ್ಲ್ಯಾಕ್ ಮಾರಿದ್ರು. ಮುಂದಿನ ವರ್ಷ ಟೈಟ್ಲಿಸ್ಟೋರಿಗೂ ಇವರಿಗೂ ಪೇಟೆಂಟ್ ಜಗಳ ಕೋರ್ಟಿಗೆ ಹೋಯ್ತು, ಆಮೇಲೆ ರಾಜಿ ಆಯ್ತು. ಹಂಗಾಗಿ ಬಾಲಲ್ಲಿ ಹೊಸಬ ಗೆಲ್ಲೋಕೆ ಇರೋ ದಾರಿ ಅಗ್ಗ ಒಂದೇ. 80 ಡಾಲರ್ ಟೀಶರ್ಟ್ ಮಾರೋ ಕಂಪನಿ ಅಗ್ಗದ ಬಾಲ್ ಮಾರಿದ್ರೆ ಟೀಶರ್ಟ್ ಗತಿ ಏನು ಅಂತ ಆ ಇಬ್ಬರನ್ನ ಕೇಳಿ.

ಹದಿನೆಂಟನೇ ಹೋಲು:

ಹೊಸಬರ ಅಗ್ಗದ ಸೆಟ್ ಬಗ್ಗೆ. ಅದನ್ನ ಡೆಕಾತ್ಲಾನೋರು ಇನೆಸಿಸ್ ಅಂತ ಮಾಡಿದಾರೆ, ತಪ್ಪೇನಿಲ್ಲ, ಕಲಿಯೋರಿಗೆ ಸಾಕು. ಆದ್ರೆ ಅವರಿಗೆ ಸ್ವಂತ ಅಂಗಡಿ ಇದೆ, ಟೆಂಟು ಸೈಕಲ್ಲು ಈಜೋ ಕನ್ನಡಕದ ಪಕ್ಕ ಇಡ್ತಾರೆ. ಮತ್ತೆ ಹೊಸಬರು ಹೊಸಬರಾಗೇ ಇರಲ್ಲ ಸಾರ್. ಎರಡು ವರ್ಷ ಆಡಿದ್ರು, ಕೈ ಕೂತ್ಕೊಂಡ್ತು, ಕೋಚ್ ಬೇರೆ ಕ್ಲಬ್ ಹಿಡೀರಿ ಅಂತಾರೆ, ಮೊದಲ ಸೆಟ್ ನಮ್ ಕ್ಯಾಡಿ ಹುಡುಗರ ಕೈಗೆ ಬರುತ್ತೆ. ನಾನು ಕಲ್ತಿದ್ದೂ ಅಂಥದ್ದ್ರಲ್ಲೇ, 7 ಐರನ್ ಒಂದೇ, ಸಂಜೆ ಮೆಂಬರ್ಸ್ ಹೋದ್ಮೇಲೆ.

ಟೋಕಿಯೋ ಒಲಿಂಪಿಕ್ಸಲ್ಲಿ ನಮ್ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಬಂದ್ರಲ್ಲ, 2021, ಬೆಳಗಿನ ಜಾವ ಎದ್ದು ಗಾಲ್ಫ್ ಅಂದ್ರೇನು ಅಂತ ಗೊತ್ತಿಲ್ದೋರೂ ಟಿವಿ ಮುಂದೆ ಕೂತಿದ್ರು. ಆಮೇಲೆ ಸುಮಾರು ಹೆಣ್ಮಕ್ಕಳು ಕಲಿಯೋಕ್ ಬಂದ್ರು. ಒಬ್ರೂ ಅದಿತಿ ಯಾವ ಬ್ರ್ಯಾಂಡ್ ಹಾಕಿದ್ರು ಅಂತ ನನ್ನ ಕೇಳ್ಲಿಲ್ಲ. ಎಲ್ಲಾ ಕೇಳಿದ್ದು ಒಂದೇ, ಅಣ್ಣಾ ಪಟ್ಟಿಂಗ್ (ಬಾಲನ್ನ ಉರುಳ್ಸಿ ಹೋಲ್ ಒಳಗೆ ಹಾಕೋದು) ಅಷ್ಟು ಚೆನ್ನಾಗಿ ಹೆಂಗ್ ಮಾಡ್ತಾರೆ ಅಂತ.

ಸುಮ್ನೆ ಸುರೇಶ:

ಕಾರಿಗಿಂತ ಚೆನ್ನಾಗಿದೆ ಈ ಥ್ರೆಡ್. ಹೋಗಲ್ಲ ನಾನು.

ದಲಾಲ್ ಸ್ಟ್ರೀಟ್ ದಾಸಪ್ಪ:

ಕಿರಣ್, 3-2 ಆದ್ರೂ ಆ ಇಬ್ಬರಿಗೆ ಒಂದು ಸ್ಲೈಡ್ ಬಿಟ್ಕೊಡಿ. ಟೇಲರ್‌ಮೇಡ್‌ನ 425 ಮತ್ತೆ 1.7 ಬಿಲಿಯನ್ ಎರಡೂ ಪಕ್ಕಪಕ್ಕ ಬರೀರಿ, ಕೆಳಗೆ ಏನೂ ಬರೀಬೇಡಿ. ಮೇಡಂ ಪ್ರಶ್ನೆ ಕೇಳೇ ಕೇಳ್ತಾರೆ, ಆಗ ಗೀತಾ ಅವರ ಅಕ್ಕಿ ಉತ್ತರ ಕೊಡಿ.

ಕುವೆಂಪುನಗರ ಕಿರಣ:

ಸರಿ ಸರ್, ಹಂಗೇ ಮಾಡ್ತೀನಿ. ಭಾನುವಾರ ರೇಸ್ ಕೋರ್ಸ್ ಒಳಗಿನ ಗಾಲ್ಫ್ ಕ್ಲಬ್‌ಗೆ ಹೋಗಿ ನಾಲ್ಕ್ ಜನರನ್ನ ಮಾತಾಡ್ಸೋಣ ಅಂತಿದೀವಿ, ಮೈಮೇಲೆ ಯಾವ ಬ್ರ್ಯಾಂಡು ಬ್ಯಾಗಲ್ಲಿ ಯಾವ ಬ್ರ್ಯಾಂಡು ಅಂತ ಬರ್ಕೊಳ್ಳೋಕೆ. ಮೆಂಬರ್ ಅಲ್ದೋರನ್ನ ಒಳಗೆ ಬಿಡ್ತಾರಾ?

ಹದಿನೆಂಟನೇ ಹೋಲು:

ಗೇಟಲ್ಲಿ ಕಾಲೇಜ್ ಐಡಿ ತೋರ್ಸಿ, ಆಫೀಸಲ್ಲಿ ಪರ್ಮಿಶನ್ ಕೇಳಿ. ಕಾಲರ್ ಇರೋ ಟೀಶರ್ಟ್ ಹಾಕ್ಕೊಳ್ಳಿ, ಜೀನ್ಸ್ ಬೇಡ, ಹೆಚ್ಚಿನ ಕಡೆ ಬಿಡಲ್ಲ. ಬೆಳಗ್ಗೆ ಆರಕ್ಕೇ ಹೋಗಿ, ಆದ್ರೆ ಆಡೋಕೆ ಹೊರಟೋರನ್ನ ತಡೀಬೇಡಿ, ಮುಗಿಸಿ ಬಂದು ಕಾಫಿ ಕುಡಿಯೋವಾಗ ಮಾತಾಡ್ಸಿ. ಅದಕ್ಕೂ ಮುಂಚೆ ಕ್ಯಾಡಿ ಹುಡುಗರ ಹತ್ರ ಹೋಗಿ, ಬ್ಯಾಗಲ್ಲಿ ಏನಿದೆ ಅಂತ ಅವರೇ ಬಾಯಿಪಾಠ ಹೇಳ್ತಾರೆ, ಟೀ ಕೊಡ್ಸಿ. ಮತ್ತೆ ಯಾರಾದ್ರೂ ಬಾಲ್ ಹೊಡೆಯೋಕೆ ನಿಂತಾಗ ಅವರ ಹಿಂದೆ ನಿಂತು ಕೆಮ್ಮಬೇಡಿ.